ಬಂಡೆಯ ಪಾಷಾಣ, ಜೀವಕೋಶದ ದುರಸ್ತಿ

ಹಟ್ಟಿಯ ನೆಲದಲ್ಲಿ ಚಿನ್ನ ಒಂಟಿಯಾಗಿ ಸಿಗುವುದಿಲ್ಲ. ಒಂದು ಟನ್ ಅದಿರನ್ನು ನುಣ್ಣಗೆ ಅರೆದರೆ ಕೆಲವೇ ಗ್ರಾಂ ಬಂಗಾರ. ಅದರ ಮಗ್ಗುಲಲ್ಲೇ ಆರ್ಸೆನೊಪೈರೈಟ್ ಎಂಬ ಬೆಳ್ಳಿಬಣ್ಣದ ಖನಿಜ ಇರುತ್ತದೆ. ಕಬ್ಬಿಣ, ಗಂಧಕ, ಆರ್ಸೆನಿಕ್ ಮೂರೂ ಕೂಡಿ ಆದದ್ದು ಅದು. ಚಿನ್ನ ಹುಡುಕುವ ಭೂವಿಜ್ಞಾನಿಗಳಿಗೆ ಈ ಖನಿಜ ಒಳ್ಳೆಯ ಗುರುತು, ಇದು ಕಂಡ ಕಡೆ ಬಂಗಾರದ ಆಸೆ ಇಟ್ಟುಕೊಳ್ಳಬಹುದು. ರಾಯಚೂರು ಜಿಲ್ಲೆ ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಿಂದ ಮಸ್ಕಿಯ ಕಡೆಗೆ ಹಬ್ಬಿರುವ ಈ ಬಂಡೆಸಾಲನ್ನು ಹಟ್ಟಿ-ಮಸ್ಕಿ ಶಿಲಾಪಟ್ಟಿ ಎಂದು ಕರೆಯುತ್ತಾರೆ. ಇದರ ವಯಸ್ಸು 250 ಕೋಟಿ ವರ್ಷಕ್ಕೂ ಮೇಲೆ. ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ಇಲ್ಲಿನ ಜನ ನೂರಾರು ಅಡಿ ಆಳಕ್ಕೆ ಇಳಿದು ಚಿನ್ನ ತೆಗೆದ ಕುರುಹುಗಳಿವೆ. ಈಗಿನ ಹಟ್ಟಿ ಗಣಿ ಕಂಪನಿ 1947ರಲ್ಲಿ, ನಿಜಾಮರ ಕಾಲದಲ್ಲಿ, ಹೈದರಾಬಾದ್ ಗೋಲ್ಡ್ ಮೈನ್ಸ್ ಎಂಬ ಹೆಸರಿನಲ್ಲಿ ಶುರುವಾಯಿತು.

ಬಂಗಾರ ನೀರಿನಲ್ಲಿ ಕರಗುವುದಿಲ್ಲ, ಅದರ ಜೊತೆಗಾರ ಕರಗುತ್ತಾನೆ. ಆರ್ಸೆನೊಪೈರೈಟ್‌ಗೆ ಗಾಳಿ, ನೀರು ತಾಕಿದರೆ ಅದು ನಿಧಾನವಾಗಿ ಒಡೆಯುತ್ತದೆ, ಒಳಗಿದ್ದ ಆರ್ಸೆನಿಕ್ ಬಂಡೆಯ ಬಿರುಕಿನ ನೀರಿಗೆ ಸೇರುತ್ತದೆ. ಗಣಿ ತೋಡದ ಕಡೆಯೂ ಇದು ನಡೆಯುವ ಕೆಲಸವೇ. ಕೇಂದ್ರ ಅಂತರ್ಜಲ ಮಂಡಳಿ ಅಂತರ್ಜಲದಲ್ಲಿ ಆರ್ಸೆನಿಕ್ ಇರುವ ಜಿಲ್ಲೆಗಳನ್ನು ಹೆಸರಿಸುವಾಗ ಕರ್ನಾಟಕದಿಂದ ರಾಯಚೂರು, ಯಾದಗಿರಿಯ ಹೆಸರು ಬರುತ್ತದೆ. ಎಲ್ಲ ಬೋರಿನಲ್ಲೂ ಇದೆ ಎಂದಲ್ಲ. ಬಿರುಕು ಯಾವ ಪದರ ಹಾಯ್ದು ಬಂದಿದೆ ಎಂಬುದರ ಮೇಲೆ ಒಂದು ಬೋರಿನ ನೀರು ಚೊಕ್ಕ, ಸ್ವಲ್ಪ ದೂರದ ಇನ್ನೊಂದರದು ವಿಷ. ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಕುದಿಸಿದರೆ ಹೋಗುವುದೂ ಇಲ್ಲ, ನೀರು ಆವಿಯಾದಷ್ಟು ಉಳಿದದ್ದು ಗಟ್ಟಿಯಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹಾಕಿರುವ ಗೆರೆ ಲೀಟರಿಗೆ 10 ಮೈಕ್ರೋಗ್ರಾಂ. ಅಂದರೆ ನೂರು ಲೀಟರ್ ನೀರಿನಲ್ಲಿ ಒಂದು ಗ್ರಾಮಿನ ಸಾವಿರದಲ್ಲಿ ಒಂದು ಪಾಲು.

ಇದರ ಕೆಡುಕು ಎಷ್ಟರಮಟ್ಟಿಗೆ ಹೋಗಬಹುದು ಎಂಬುದನ್ನು ನಾಡಿಗೆ ತೋರಿಸಿದ್ದು ಕೃಷ್ಣೆಯ ಆಚೆಯ ಸುರಪುರ ಸೀಮೆಯ ಕಿರದಳ್ಳಿ ತಾಂಡಾ. ಮುಚ್ಚಿಹೋದ ಮಂಗಳೂರು ಚಿನ್ನದ ಗಣಿಯ ಸಮೀಪದ ಲಂಬಾಣಿ ತಾಂಡಾ ಅದು (ಕರಾವಳಿಯ ಮಂಗಳೂರಲ್ಲ, ಯಾದಗಿರಿ ಜಿಲ್ಲೆಯ ಮಂಗಳೂರು). ಜಾಧವಪುರ ವಿಶ್ವವಿದ್ಯಾಲಯದ ದೀಪಂಕರ್ ಚಕ್ರವರ್ತಿ ಮತ್ತು ಸಂಗಡಿಗರು ಅಲ್ಲಿ ಪರೀಕ್ಷೆ ಮಾಡಿ 2013ರಲ್ಲಿ ವರದಿ ಪ್ರಕಟಿಸಿದರು. ಪರೀಕ್ಷಿಸಿದ ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಚರ್ಮದ ಮೇಲೆ ಆರ್ಸೆನಿಕ್‌ನ ಗುರುತು: ಎದೆ-ಬೆನ್ನಿನ ಮೇಲೆ ಮಳೆಹನಿ ಬಿದ್ದಂಥ ಕಪ್ಪು-ಬಿಳಿ ಚುಕ್ಕೆ, ಅಂಗೈ-ಅಂಗಾಲಿನಲ್ಲಿ ಗಟ್ಟಿ ಗಂಟು. ಕೆಲವರಿಗೆ ಅದು ಕ್ಯಾನ್ಸರ್‌ಗೂ ತಿರುಗಿತ್ತು.

ಇಲ್ಲೊಂದು ತೊಡಕಿದೆ. ಆರ್ಸೆನಿಕ್ ಕ್ಯಾನ್ಸರ್ ತರುತ್ತದೆ ಎಂಬುದರಲ್ಲಿ ಅನುಮಾನವಿಲ್ಲ. ಚರ್ಮ, ಶ್ವಾಸಕೋಶ, ಮೂತ್ರಕೋಶದ ಕ್ಯಾನ್ಸರ್‌ಗೆ ಕಾರಣವಾಗುತ್ತದೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅದನ್ನು ಮೊದಲ ದರ್ಜೆಯ ಪಟ್ಟಿಯಲ್ಲೇ ಇಟ್ಟಿದೆ. ಆದರೆ ಕ್ಯಾನ್ಸರ್ ತರುವ ಬೇರೆ ವಸ್ತುಗಳನ್ನು ಪರೀಕ್ಷಿಸುವ ಹಾಗೆ ಇದನ್ನೂ ಜೀವಕೋಶಕ್ಕೆ ಹಾಕಿ ನೋಡಿದರೆ, ಡಿಎನ್‌ಎ ಅಕ್ಷರಗಳನ್ನು ನೇರವಾಗಿ ಕೆಡಿಸುವುದರಲ್ಲಿ ಇದು ಬಲು ದುರ್ಬಲ. ತಂಬಾಕಿನ ಹೊಗೆ, ಎಕ್ಸ್-ರೇ, ಬಿಸಿಲು ಮಾಡುವಷ್ಟು ಏಟನ್ನು ಸಹ ಅದು ಕೊಡುವುದಿಲ್ಲ. ಹಾಗಾದರೆ ಕ್ಯಾನ್ಸರ್ ಎಲ್ಲಿಂದ ಬಂತು? ಉತ್ತರದ ದೊಡ್ಡ ಪಾಲು ಏಟಿನಲ್ಲಿಲ್ಲ, ಏಟು ಬಿದ್ದ ಮೇಲೆ ನಡೆಯಬೇಕಾದ ದುರಸ್ತಿಯಲ್ಲಿದೆ. ಕೆಡಿಸುವ ಕೆಲಸವನ್ನು ಬೇರೆಯವರಿಗೆ ಬಿಟ್ಟು, ಸರಿಮಾಡುವವರ ಕೈ ಕಟ್ಟುವುದು ಆರ್ಸೆನಿಕ್‌ನ ಪದ್ಧತಿ. ಇದು ತಿಳಿಯಬೇಕಾದರೆ ಆ ದುರಸ್ತಿಗಾರರು ಯಾರು, ಏನು ಮಾಡುತ್ತಾರೆ ಎಂಬುದನ್ನು ನೋಡಬೇಕು.

ನಮ್ಮ ಒಂದೊಂದು ಜೀವಕೋಶದಲ್ಲೂ ಸುಮಾರು ಎರಡು ಮೀಟರ್ ಉದ್ದದ ಡಿಎನ್‌ಎ ಮಡಚಿಕೊಂಡು ಕೂತಿದೆ. ತಂದೆಯ ಕಡೆಯದು 300 ಕೋಟಿಗೂ ಹೆಚ್ಚು ಅಕ್ಷರ, ತಾಯಿಯ ಕಡೆಯದು ಅಷ್ಟೇ. ಎ, ಟಿ, ಜಿ, ಸಿ ನಾಲ್ಕೇ ಅಕ್ಷರ. ಎ ಎದುರಿಗೆ ಟಿ, ಜಿ ಎದುರಿಗೆ ಸಿ ಎಂಬ ನಿಯಮದಲ್ಲಿ ಎರಡು ಎಳೆಗಳು ಜೋಡಿಯಾಗಿವೆ. 1960ರ ದಶಕದವರೆಗೂ ಇದು ಕಲ್ಲಿನ ಹಾಗೆ ಗಟ್ಟಿ, ತಲೆಮಾರು ದಾಟಿದರೂ ಅಲುಗದು ಎಂದೇ ಬಹಳಷ್ಟು ವಿಜ್ಞಾನಿಗಳು ನಂಬಿದ್ದರು. ಸ್ವೀಡನ್ನಿನ ತೋಮಸ್ ಲಿಂಡಾಲ್ ನಂಬಲಿಲ್ಲ. ಪ್ರಯೋಗಶಾಲೆಯಲ್ಲಿ ಡಿಎನ್‌ಎಯನ್ನು ಬರೀ ನೀರಿನಲ್ಲಿ, ದೇಹದ ಬಿಸಿಯಲ್ಲಿ ಇಟ್ಟು ಅಳೆದರು. ಯಾರೂ ಏನೂ ಮಾಡದಿದ್ದರೂ ಅದು ತಾನಾಗಿ ಸವೆಯುತ್ತಿತ್ತು. 1972ರಲ್ಲಿ ಅವರ ಲೆಕ್ಕ ಬಂತು: ಸ್ತನಿಯ ಒಂದು ಜೀವಕೋಶದಲ್ಲಿ ದಿನಕ್ಕೆ ಸುಮಾರು ಹತ್ತು ಸಾವಿರ ಎ ಮತ್ತು ಜಿ ಅಕ್ಷರಗಳು ಬುಡ ಕಳಚಿ ಉದುರುತ್ತವೆ. ಕೆಲವು ನೂರು ಸಿ ಅಕ್ಷರಗಳು ನೀರಿನ ಸಂಗದಲ್ಲಿ ಯು ಎಂಬ ಹೊರಗಿನ ಅಕ್ಷರವಾಗಿ ಮಾರ್ಪಡುತ್ತವೆ. ಉಸಿರಾಡಿದ ಆಮ್ಲಜನಕದ ಚೂರುಗಳು ಸಾವಿರಗಟ್ಟಲೆ ಅಕ್ಷರಗಳನ್ನು ತುಕ್ಕು ಹಿಡಿಸುತ್ತವೆ. ಇದು ನೆರಳಲ್ಲಿ ಕೂತು, ಒಳ್ಳೆಯ ನೀರು ಕುಡಿದು, ಬೀಡಿ ಮುಟ್ಟದವರ ಲೆಕ್ಕ.

ಇಷ್ಟು ಸವೆದರೂ ನಾವು ಬದುಕಿದ್ದೇವೆ ಎಂದರೆ ಯಾರೋ ಸರಿಮಾಡುತ್ತಲೇ ಇರಬೇಕು. ಲಿಂಡಾಲ್ ಆ ದಾರಿ ಹಿಡಿದು 1974ರಲ್ಲಿ ಒಂದು ಕಿಣ್ವವನ್ನು ಹಿಡಿದರು. ಡಿಎನ್‌ಎಯಲ್ಲಿ ಇರಬಾರದ ಯು ಅಕ್ಷರವನ್ನು ಹುಡುಕಿ ಕಿತ್ತು ಹಾಕುವುದಷ್ಟೇ ಅದರ ಕೆಲಸ. ಅವರು ಅದನ್ನು ಕಂಡದ್ದು ಬ್ಯಾಕ್ಟೀರಿಯಾದಲ್ಲಿ, ಅದರ ದಾಯಾದಿ ನಮ್ಮಲ್ಲೂ ಇದೆ. ಆ ಪ್ರೋಟೀನ್ ಎಳೆಯ ಮೇಲೆ ಜಾರುತ್ತ ಹೋಗಿ, ಅನುಮಾನ ಬಂದ ಅಕ್ಷರವನ್ನು ಹೊರಕ್ಕೆ ಮಗುಚಿ ತನ್ನ ಒಳಗಿನ ಒಂದು ಕುಳಿಗೆ ಇಳಿಸಿ ನೋಡುತ್ತದೆ. ಯು ಆದರೆ ಕುಳಿಗೆ ಸರಿಯಾಗಿ ಕೂರುತ್ತದೆ, ಬುಡ ಕತ್ತರಿಸುತ್ತದೆ. ತುಕ್ಕು ಹಿಡಿದ ಜಿ ಅಕ್ಷರಕ್ಕೆ ಓಜಿಜಿ1 ಎಂಬ ಬೇರೆ ಪ್ರೋಟೀನ್. ಅಕ್ಷರ ಹೋಗಿ ಖಾಲಿ ಉಳಿದ ಜಾಗಕ್ಕೆ ಎಪಿಇ1 ಬಂದು ಎಳೆಯನ್ನು ಕೊಯ್ಯುತ್ತದೆ, ಪಾಲಿಮರೇಸ್ ಬೀಟಾ ಎದುರಿನ ಎಳೆ ನೋಡಿಕೊಂಡು ಸರಿಯಾದ ಅಕ್ಷರ ಹಾಕುತ್ತದೆ, ಲೈಗೇಸ್ ಸಂದು ಬೆಸೆಯುತ್ತದೆ.

ಈ ಕೆಲಸದ ನಡುವೆ ಎಳೆಯಲ್ಲಿ ಒಂದು ಬಿರುಕು ತೆರೆದುಕೊಳ್ಳುತ್ತದಲ್ಲ, ಅದು ಅಪಾಯದ ಹೊತ್ತು. ಅದನ್ನು ಕಾಯುವುದು ಪಾರ್ಪ್1 ಎಂಬ ಪ್ರೋಟೀನ್. ಕೋಶದ ನ್ಯೂಕ್ಲಿಯಸ್ಸಿನಲ್ಲಿ ಲಕ್ಷಗಟ್ಟಲೆ ಇದೆ. ಬಿರುಕು ಕಂಡ ಕೆಲವೇ ಸೆಕೆಂಡಿನಲ್ಲಿ ಅದರ ಮೇಲೆ ಕೂತು, ತನ್ನ ಮೈಮೇಲೆ ಮತ್ತು ಸುತ್ತಲಿನ ಪ್ರೋಟೀನುಗಳ ಮೇಲೆ ಒಂದು ಬಗೆಯ ಉದ್ದ ಸಕ್ಕರೆ-ಫಾಸ್ಫೇಟ್ ಸರಪಣಿ ಹೆಣೆಯುತ್ತದೆ. ಆ ಸರಪಣಿಯ ಸೆಳೆತಕ್ಕೆ ಉಳಿದ ದುರಸ್ತಿ ಪ್ರೋಟೀನುಗಳು ಅಲ್ಲಿಗೆ ಬಂದು ಸೇರುತ್ತವೆ. ಈ ಪಾರ್ಪ್1 ಹೆಸರನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಮುಂದೆ ಮತ್ತೆ ಬರುತ್ತದೆ.

ತಂಬಾಕಿನ ವಿಷಯ ಬಂದದ್ದರಿಂದ ಒಂದು ಮಾತು ಹೇಳಿಯೇ ಮುಂದೆ ಹೋಗಬೇಕು. ಗುಟ್ಕಾ, ಎಲೆಯಡಿಕೆ ಜೊತೆಗಿನ ತಂಬಾಕಿನಲ್ಲಿರುವ ನೈಟ್ರೋಸಮೈನ್‌ಗಳು ಜಿ ಅಕ್ಷರಕ್ಕೆ ಒಂದು ಮೀಥೈಲ್ ಗುಂಪನ್ನು ಅಂಟಿಸಬಲ್ಲವು. ಹಾಗಾದ ಜಿ ತಪ್ಪು ಜೋಡಿ ಹುಡುಕುತ್ತದೆ. ಅದನ್ನು ಬಿಡಿಸಲು ಎಂಜಿಎಂಟಿ ಎಂಬ ಪ್ರೋಟೀನ್ ಇದೆ. ಅದು ಆ ಮೀಥೈಲ್ ಗುಂಪನ್ನು ತನ್ನ ಮೈಯೊಳಗಿನ ಒಂದು ಗಂಧಕದ ಪರಮಾಣುವಿನ ಮೇಲೆ ಎಳೆದುಕೊಳ್ಳುತ್ತದೆ, ಅಕ್ಷರ ಮೊದಲಿನಂತಾಗುತ್ತದೆ. ಆದರೆ ಅಂಟಿದ ಗುಂಪು ಮತ್ತೆ ಬಿಡುವುದಿಲ್ಲ. ಒಂದು ಅಕ್ಷರ ಉಳಿಸಿದ ಎಂಜಿಎಂಟಿ ಅಲ್ಲಿಗೆ ಮುಗಿಯಿತು, ಕೋಶ ಅದನ್ನು ಚೂರು ಮಾಡಿ ಹೊಸದನ್ನು ಕಟ್ಟಿಕೊಳ್ಳಬೇಕು. ಒಂದು ಹಾನಿಗೆ ಒಂದು ಇಡೀ ಪ್ರೋಟೀನ್ ಖರ್ಚು. ಬಾಯಲ್ಲಿ ದಿನವಿಡೀ ತಂಬಾಕು ಇಟ್ಟುಕೊಳ್ಳುವವರ ಕೆನ್ನೆಯ ಒಳಗಿನ ಕೋಶಗಳಿಗೆ ಈ ಖರ್ಚು ಎಷ್ಟು ಬೀಳುತ್ತದೆ ಎಂದು ಯಾರಾದರೂ ಊಹಿಸಬಹುದು.

ಇನ್ನು ಬಿಸಿಲು. ರಾಯಚೂರು ಸೀಮೆಯ ಬಿಸಿಲಿನ ಬಗ್ಗೆ ಊರವರಿಗೆ ಹೇಳಬೇಕಾದ್ದಿಲ್ಲ. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಸಿಂಧನೂರಿನ ಎರೆಹೊಲಗಳು ನೆಲ್ಲಿನ ಗದ್ದೆಗಳಾದವು. ನಾಟಿ ಹಚ್ಚುವ ಹೆಣ್ಣಾಳುಗಳು ಮೊಣಕಾಲಷ್ಟು ಕೆಸರಿನಲ್ಲಿ ಬಾಗಿ ನಿಂತರೆ ಕುತ್ತಿಗೆ, ತೋಳು, ಬೆನ್ನಿನ ಮೇಲೆ ಗಂಟೆಗಟ್ಟಲೆ ಬಿಸಿಲು. ಅದರಲ್ಲಿರುವ ನೇರಳಾತೀತ ಕಿರಣಗಳು ಡಿಎನ್‌ಎಯ ಒಂದೇ ಎಳೆಯಲ್ಲಿ ಅಕ್ಕಪಕ್ಕ ಕೂತ ಎರಡು ಟಿ ಅಕ್ಷರಗಳನ್ನು ಒಂದಕ್ಕೊಂದು ಬೆಸೆದುಬಿಡುತ್ತವೆ. ಆ ಜಾಗದಲ್ಲಿ ಎಳೆ ಸೊಟ್ಟಗಾಗುತ್ತದೆ. ಬಿಸಿಲಿಗೆ ಬಿದ್ದ ಚರ್ಮದ ಒಂದೊಂದು ಕೋಶದಲ್ಲೂ ಇಂಥ ಬೆಸುಗೆ ಸಾವಿರಾರು. ನಮ್ಮ ಚರ್ಮದ ಕಪ್ಪುವರ್ಣ ಬಹುಪಾಲು ತಡೆಯುತ್ತದೆ, ಬಿಳಿಯರಲ್ಲಿ ಕಾಣುವಷ್ಟು ಚರ್ಮದ ಕ್ಯಾನ್ಸರ್ ನಮ್ಮಲ್ಲಿ ಕಾಣದಿರುವುದಕ್ಕೆ ಇದೂ ಒಂದು ಕಾರಣ. ಪೂರ್ತಿ ತಡೆಯುತ್ತದೆ ಎಂದಲ್ಲ.

ಬ್ಯಾಕ್ಟೀರಿಯಾ, ಗಿಡ, ಕಪ್ಪೆ, ಕಾಂಗರೂಗಳಲ್ಲಿ ಈ ಬೆಸುಗೆಯನ್ನು ನೇರವಾಗಿ ಬಿಡಿಸುವ ಫೋಟೋಲಯೇಸ್ ಎಂಬ ಪ್ರೋಟೀನ್ ಇದೆ. ಸ್ವಾರಸ್ಯವೆಂದರೆ ಅದು ಬೆಳಕಿನ ಬಲದಿಂದಲೇ ಬೆಳಕಿನ ಹಾನಿಯನ್ನು ಸರಿಮಾಡುತ್ತದೆ. ಗರ್ಭದಲ್ಲಿ ಮಾಸುಚೀಲ ಕಟ್ಟಿಕೊಂಡು ಮರಿ ಹೊರುವ ಸ್ತನಿಗಳಾದ ನಾವು, ಎತ್ತು, ಎಮ್ಮೆ, ಇಲಿ ಎಲ್ಲರೂ ವಿಕಾಸದ ಯಾವುದೋ ಹಂತದಲ್ಲಿ ಅದನ್ನು ಕಳೆದುಕೊಂಡೆವು. ನಮಗೆ ಉಳಿದದ್ದು ಸುತ್ತುದಾರಿ. ಎಕ್ಸ್‌ಪಿಸಿ ಎಂಬ ಪ್ರೋಟೀನ್ ಎಳೆಯ ಸೊಟ್ಟನ್ನು ಗುರುತಿಸುತ್ತದೆ. ಟಿಎಫ್‌ಐಐಎಚ್ ಎಂಬ ಹತ್ತು ಪ್ರೋಟೀನುಗಳ ಕೂಟ ಎಳೆಗಳನ್ನು ಬಿಡಿಸುತ್ತದೆ. ಎಕ್ಸ್‌ಪಿಎ ಬಂದು ಇಲ್ಲಿ ಹಾನಿ ನಿಜವಾಗಿಯೂ ಇದೆಯೇ, ಇದ್ದರೆ ಯಾವ ಎಳೆಯಲ್ಲಿ, ಎಂಬುದನ್ನು ಖಚಿತ ಮಾಡುತ್ತದೆ. ಆಮೇಲೆ ಎಕ್ಸ್‌ಪಿಎಫ್ ಒಂದು ಕಡೆ, ಎಕ್ಸ್‌ಪಿಜಿ ಇನ್ನೊಂದು ಕಡೆ ಕೊಯ್ದು ಸುಮಾರು 30 ಅಕ್ಷರಗಳ ತುಂಡನ್ನು ಎತ್ತಿ ಹಾಕುತ್ತವೆ. ಎದುರಿನ ಎಳೆ ನೋಡಿ ಹೊಸದು ಬರೆಯಲಾಗುತ್ತದೆ. ಎರಡಕ್ಷರದ ತಪ್ಪಿಗೆ ಮೂವತ್ತು ಅಕ್ಷರ ಕಿತ್ತು ಬರೆಯುವುದು ದುಬಾರಿ ಎನಿಸಬಹುದು. ಆದರೆ ಬಿಸಿಲಿನ ಬೆಸುಗೆಯೇ ಇರಲಿ, ಹೊಗೆಯ ಅಂಟೇ ಇರಲಿ, ಎಳೆ ಸೊಟ್ಟಗಾದರೆ ಸಾಕು, ಇದೇ ತಂಡ ಎಲ್ಲಕ್ಕೂ ಒದಗುತ್ತದೆ. ಟರ್ಕಿಯ ಸಣ್ಣ ಊರೊಂದರಿಂದ ಬಂದ ಅಜೀಜ್ ಸಂಜಾರ್ ಅಮೆರಿಕದಲ್ಲಿ ಈ ದಾರಿಯ ಒಂದೊಂದು ಹೆಜ್ಜೆಯನ್ನೂ ಬಿಡಿಸಿ ತೋರಿಸಿದರು. ಅವರಿಗೆ, ಲಿಂಡಾಲ್‌ಗೆ, ನಕಲು ಮಾಡುವಾಗ ಬೀಳುವ ತಪ್ಪಕ್ಷರಗಳ ದುರಸ್ತಿಯನ್ನು ಶೋಧಿಸಿದ ಪಾಲ್ ಮಾಡ್ರಿಚ್‌ಗೆ 2015ರ ರಸಾಯನಶಾಸ್ತ್ರದ ನೊಬೆಲ್ ಹಂಚಿಕೆಯಾಯಿತು.

ಈ ಪ್ರೋಟೀನುಗಳ ಹೆಸರಿನ ಮುಂದಿರುವ ಎಕ್ಸ್‌ಪಿ ಒಂದು ಕಾಯಿಲೆಯ ಹೆಸರು, ಕ್ಸೀರೋಡರ್ಮಾ ಪಿಗ್ಮೆಂಟೋಸಂ. ಇವುಗಳಲ್ಲಿ ಒಂದು ಹುಟ್ಟಿನಿಂದಲೇ ಕೆಟ್ಟಿದ್ದರೆ ಆ ಮಗುವಿಗೆ ಬಿಸಿಲು ತಾಕುವಂತಿಲ್ಲ. ಹತ್ತು ವರ್ಷ ತುಂಬುವ ಮೊದಲೇ ಮುಖದ ಮೇಲೆ ಕ್ಯಾನ್ಸರ್ ಬರಬಹುದು. 1968ರಲ್ಲಿ ಜೇಮ್ಸ್ ಕ್ಲೀವರ್ ಇಂಥ ರೋಗಿಗಳ ಕೋಶಗಳಲ್ಲಿ ದುರಸ್ತಿಯೇ ನಡೆಯುತ್ತಿಲ್ಲ ಎಂದು ತೋರಿಸಿದರು. ದುರಸ್ತಿ ನಿಂತರೆ ಕ್ಯಾನ್ಸರ್ ಎಂಬುದು ಊಹೆಯಿಂದ ಸಂಗತಿಯಾದದ್ದು ಅಲ್ಲಿಂದ. ಅವರಿಗಾದರೆ ಕೊರತೆ ಹುಟ್ಟಿನಿಂದ ಬಂದದ್ದು. ಹುಟ್ಟುವಾಗ ಎಲ್ಲ ಸರಿಯಿದ್ದ ಪ್ರೋಟೀನನ್ನು ಕುಡಿಯುವ ನೀರೂ ನಿಲ್ಲಿಸಬಲ್ಲದು.

ಹಟ್ಟಿಯ ಬಂಡೆಯಲ್ಲಿ ಆರ್ಸೆನಿಕ್ ಯಾರ ಜೊತೆಗಿತ್ತು? ಗಂಧಕದ ಜೊತೆ. ನಮ್ಮ ಹಳೆಯ ವೈದ್ಯರ ಹರಿತಾಳ, ಮನಃಶಿಲೆ ಎರಡೂ ಆರ್ಸೆನಿಕ್-ಗಂಧಕದ ಸಂಯುಕ್ತಗಳೇ. ಗಂಧಕದ ಮೇಲಿನ ಈ ಒಲವನ್ನು ಆರ್ಸೆನಿಕ್ ದೇಹದ ಒಳಗೆ ಬಂದರೂ ಬಿಡುವುದಿಲ್ಲ. ಪ್ರೋಟೀನುಗಳಲ್ಲಿ ಗಂಧಕ ಇರುವುದು ಮುಖ್ಯವಾಗಿ ಸಿಸ್ಟೀನ್ ಎಂಬ ಅಮೈನೋ ಆಮ್ಲದ ತುದಿಯಲ್ಲಿ. ಡಿಎನ್‌ಎಯನ್ನು ಮುಟ್ಟಿ ಕೆಲಸ ಮಾಡುವ ನೂರಾರು ಪ್ರೋಟೀನುಗಳಲ್ಲಿ ಒಂದು ಪುಟ್ಟ ಮಡಿಕೆ ಇರುತ್ತದೆ. ನಡುವೆ ಒಂದು ಸತುವಿನ ಪರಮಾಣು, ಅದನ್ನು ನಾಲ್ಕು ಕಡೆಯಿಂದ ಹಿಡಿದ ಸಿಸ್ಟೀನ್ ಅಥವಾ ಹಿಸ್ಟಿಡಿನ್‌ಗಳು. ಸತು ಇದ್ದರೆ ಮಡಿಕೆ ನಿಲ್ಲುತ್ತದೆ, ಮಡಿಕೆ ನಿಂತರೆ ಪ್ರೋಟೀನ್ ಡಿಎನ್‌ಎಯನ್ನು ಹಿಡಿಯುತ್ತದೆ. ಇದಕ್ಕೆ ಸತುಬೆರಳು ಎಂದು ಹೆಸರು.

ನೀರಿನಿಂದ ಬಂದ ಆರ್ಸೆನಿಕ್ ದೇಹದಲ್ಲಿ ಬಹುಪಾಲು ಮೂರು ಕೈಗಳ ರೂಪಕ್ಕೆ ತಿರುಗುತ್ತದೆ, ಆರ್ಸೆನೈಟ್. ಮೂರು ಕೈಗೂ ಮೂರು ಗಂಧಕ ಸಿಕ್ಕರೆ ಅದರ ಹಿಡಿತ ಬಲು ಬಿಗಿ. ಸತುಬೆರಳುಗಳಲ್ಲಿ ಬಹುಪಾಲಿನವು ಎರಡು ಸಿಸ್ಟೀನ್, ಎರಡು ಹಿಸ್ಟಿಡಿನ್ ಇರುವಂಥವು. ಅಲ್ಲಿ ಗಂಧಕ ಎರಡೇ, ಆರ್ಸೆನಿಕ್‌ಗೆ ಅದು ಸಾಲದು, ಬಿಟ್ಟುಹೋಗುತ್ತದೆ. ಆದರೆ ಪಾರ್ಪ್1ರ ಬಿರುಕು ಹುಡುಕುವ ಬೆರಳುಗಳಲ್ಲಿ ಸಿಸ್ಟೀನ್ ಮೂರು. ಎಕ್ಸ್‌ಪಿಎಯ ಬೆರಳಿನಲ್ಲಿ ನಾಲ್ಕು. ಅಮೆರಿಕದ ನ್ಯೂ ಮೆಕ್ಸಿಕೋ ವಿಶ್ವವಿದ್ಯಾಲಯದ ಸಂಶೋಧಕರು 2009ರಿಂದ 2011ರ ಹೊತ್ತಿಗೆ ಇದನ್ನು ಒಂದೊಂದಾಗಿ ತೋರಿಸಿದರು. ಆರ್ಸೆನಿಕ್ ಬಂದು ಸತುವನ್ನು ತಳ್ಳಿ ಆ ಜಾಗದಲ್ಲಿ ಕೂರುತ್ತದೆ. ಪಾರ್ಪ್1 ಇರುತ್ತದೆ, ಬಿರುಕಿನ ಮೇಲೆ ಕೂರಲಾರದು. ಎಕ್ಸ್‌ಪಿಎ ಇರುತ್ತದೆ, ಖಚಿತ ಮಾಡಲಾರದು. ಆಮ್ಲಜನಕದ ತುಕ್ಕಿನ ದುರಸ್ತಿಯೂ ಬಿಸಿಲಿನ ಬೆಸುಗೆಯ ದುರಸ್ತಿಯೂ ಒಂದೇ ಏಟಿಗೆ ಕುಂಟುತ್ತವೆ. ರಸಾಯನಶಾಸ್ತ್ರದ ನನ್ನ ಓದಿನಲ್ಲಿ ಇಷ್ಟು ಚಿಕ್ಕ ಕಾರಣಕ್ಕೆ ಇಷ್ಟು ದೊಡ್ಡ ಪರಿಣಾಮ ಕಂಡದ್ದು ಕಡಿಮೆ. ಎರಡು ಗಂಧಕ ಇದ್ದರೆ ಪ್ರೋಟೀನ್ ಉಳಿಯಿತು, ಮೂರಿದ್ದರೆ ಕೆಟ್ಟಿತು.

ಬಿಸಿಲು ಮತ್ತು ಆರ್ಸೆನಿಕ್ ಕೂಡಿದರೆ ಏನಾಗುತ್ತದೆ? ನ್ಯೂಯಾರ್ಕ್ ವಿಶ್ವವಿದ್ಯಾಲಯದ ಟೋಬಿ ರಾಸ್ಮನ್ ಮತ್ತು ಸಂಗಡಿಗರು 2001ರಲ್ಲಿ ಕೂದಲಿಲ್ಲದ ಇಲಿಗಳ ಮೇಲೆ ಇದನ್ನು ನೋಡಿದರು. ಬರೀ ಆರ್ಸೆನಿಕ್ ನೀರು ಕುಡಿದ ಇಲಿಗಳಿಗೆ ಚರ್ಮದ ಗಡ್ಡೆ ಬರಲಿಲ್ಲ. ಬರೀ ನೇರಳಾತೀತ ಬೆಳಕು ಬಿದ್ದವಕ್ಕೆ ಬಂತು. ಎರಡೂ ಬಿದ್ದವಕ್ಕೆ ಬೆಳಕು ಮಾತ್ರ ಬಿದ್ದವುಗಳ ಎರಡು ಪಟ್ಟಿಗೂ ಮೇಲೆ. ಸುಡುವ ಹೊಲದಲ್ಲಿ ದುಡಿದು, ಕಲುಷಿತ ಬೋರಿನ ನೀರು ಕುಡಿಯುವ ಮನುಷ್ಯನ ಸ್ಥಿತಿಗೆ ಇದು ಹತ್ತಿರದ ಪ್ರಯೋಗ. ಆದರೂ ಅವಸರ ಬೇಡ. ಇಲಿಯ ಚರ್ಮ ಮನುಷ್ಯನ ಚರ್ಮವಲ್ಲ, ಬಿಸಿಲಿನ ಬೆಸುಗೆ ಬಿಡಿಸುವುದರಲ್ಲಿ ಇಲಿಯ ಕೋಶಗಳು ನಮ್ಮವಕ್ಕಿಂತ ಮೊದಲೇ ಸೋಮಾರಿಗಳು. 1974ರಲ್ಲಿ ಹಾರ್ಟ್ ಮತ್ತು ಸೆಟ್‌ಲೋ ಎಂಬ ಇಬ್ಬರು ಇಲಿ, ಹಸು, ಆನೆ, ಮನುಷ್ಯ ಮೊದಲಾದ ಸ್ತನಿಗಳ ಕೋಶಗಳಿಗೆ ನೇರಳಾತೀತ ಬೆಳಕು ಬಿಟ್ಟು ನೋಡಿದಾಗ, ಹೆಚ್ಚು ಕಾಲ ಬದುಕುವ ಪ್ರಾಣಿಯ ಕೋಶ ಹೆಚ್ಚು ಚೆನ್ನಾಗಿ ದುರಸ್ತಿ ಮಾಡಿಕೊಳ್ಳುತ್ತಿತ್ತು. ಇನ್ನೊಂದು ಸಂಗತಿಯೂ ಇದೆ. ಮನುಷ್ಯರಲ್ಲಿ ಆರ್ಸೆನಿಕ್‌ನ ಚರ್ಮದ ಕ್ಯಾನ್ಸರ್ ಅಂಗಿಯ ಒಳಗಿನ, ಬಿಸಿಲೇ ಕಾಣದ ಜಾಗದಲ್ಲೂ ಬರುತ್ತದೆ. ಎಲ್ಲವನ್ನೂ ಸೂರ್ಯನ ತಲೆಗೆ ಕಟ್ಟುವಂತಿಲ್ಲ.

ಸತುವಿನ ಮಾತು ಬಂದಾಗ ಸಿಂಧನೂರಿನ ರೈತರಿಗೆ ಗದ್ದೆ ನೆನಪಾಗಬಹುದು. ನೆಲ್ಲಿನ ಎಲೆ ತುಕ್ಕುಬಣ್ಣಕ್ಕೆ ತಿರುಗಿ ಪೈರು ಕುಗ್ಗಿದರೆ ಅವರು ಜಿಂಕ್ ಸಲ್ಫೇಟ್ ಚೀಲ ಬಿಚ್ಚುತ್ತಾರೆ. ಮಣ್ಣಿನಲ್ಲಿ ಸತು ಕಡಿಮೆಯಾದರೆ ಕಾಳಿನಲ್ಲೂ ಕಡಿಮೆ, ಅನ್ನವೇ ಹೆಚ್ಚು ಉಣ್ಣುವವರ ದೇಹದಲ್ಲೂ ಕೊರತೆ ಬರಬಹುದು. ಕೋಶಗಳಿಗೆ, ಇಲಿಗಳಿಗೆ ಹೆಚ್ಚುವರಿ ಸತು ಕೊಟ್ಟಾಗ ಆರ್ಸೆನಿಕ್ ಅಷ್ಟು ಸುಲಭವಾಗಿ ಅದನ್ನು ತಳ್ಳಲಾಗಲಿಲ್ಲ, ದುರಸ್ತಿ ಸುಧಾರಿಸಿತು. ಯುರೇನಿಯಂ, ಆರ್ಸೆನಿಕ್ ಬೆರೆತ ನೀರಿನ ತೊಂದರೆಯಿರುವ ಅಮೆರಿಕದ ನವಾಹೋ ಮೂಲನಿವಾಸಿಗಳಲ್ಲಿ ಇದನ್ನು ಮನುಷ್ಯರ ಮೇಲೆಯೇ ಪರೀಕ್ಷಿಸುವ ಕೆಲಸವನ್ನೂ ನ್ಯೂ ಮೆಕ್ಸಿಕೋದವರು ಕೈಗೆತ್ತಿಕೊಂಡರು. ಇದನ್ನು ಓದಿ ಯಾರೂ ಮೆಡಿಕಲ್ ಶಾಪಿಗೆ ಹೋಗಿ ಸತುವಿನ ಗುಳಿಗೆ ನುಂಗಬೇಕಿಲ್ಲ, ಅತಿಯಾದರೆ ಅದಕ್ಕೂ ತೊಂದರೆಯಿದೆ. ವಿಷದ ನೀರು ಕುಡಿಯುತ್ತಲೇ ಗುಳಿಗೆ ನುಂಗುವುದು ತೂತಿದ್ದ ಕೊಡಕ್ಕೆ ನೀರು ಹೊಯ್ದ ಲೆಕ್ಕ.

ಇಲ್ಲಿಯವರೆಗೆ ಹೇಳಿದ ದುರಸ್ತಿಗಳಲ್ಲೆಲ್ಲ ಒಂದು ಅನುಕೂಲವಿತ್ತು. ಒಂದು ಎಳೆ ಕೆಟ್ಟರೂ ಎದುರಿನ ಎಳೆ ಸರಿಯಿತ್ತು, ಅದನ್ನು ನೋಡಿ ಬರೆಯಬಹುದಿತ್ತು. ಎರಡೂ ಎಳೆ ಒಟ್ಟಿಗೆ ತುಂಡಾದರೆ? ಎಕ್ಸ್-ರೇ, ವಿಕಿರಣ ಚಿಕಿತ್ಸೆ ಮಾಡುವುದು ಇದನ್ನೇ. ಕೋಶ ವಿಭಜನೆಯಾಗುವಾಗ ತಾನಾಗಿಯೂ ಆಗುತ್ತದೆ. ಇಂಥ ಒಂದು ತುಂಡು ಉಳಿದರೂ ಕೋಶ ಸಾಯಬಹುದು, ಇಲ್ಲವೇ ವರ್ಣತಂತುಗಳು ಅದಲುಬದಲಾಗಿ ಅಂಟಿಕೊಳ್ಳಬಹುದು. ಅದಕ್ಕೇ ಕೋಶ ದೊಡ್ಡ ಗದ್ದಲ ಎಬ್ಬಿಸುತ್ತದೆ. ಎಂಆರ್‌ಎನ್ ಎಂಬ ಮೂವರ ಕೂಟ ತುದಿಗಳನ್ನು ಹಿಡಿಯುತ್ತದೆ, ಎಟಿಎಂ ಎಂಬ ಪ್ರೋಟೀನ್ ಎಚ್ಚರಗೊಂಡು ಅಕ್ಕಪಕ್ಕದ ಲಕ್ಷಾಂತರ ಅಕ್ಷರಗಳ ಉದ್ದಕ್ಕೂ ಡಿಎನ್‌ಎ ಸುತ್ತಿಕೊಂಡ ಪ್ರೋಟೀನುಗಳ ಮೇಲೆ ಫಾಸ್ಫೇಟಿನ ಗುರುತು ಹಾಕುತ್ತದೆ, ಪಿ53 ಕೋಶದ ವಿಭಜನೆಯನ್ನೇ ತಡೆದು ನಿಲ್ಲಿಸುತ್ತದೆ.

ಆಮೇಲೆ ಎರಡು ದಾರಿ. ಮೊದಲನೆಯದು ಅವಸರದ್ದು. ಕೂ70, ಕೂ80 ಎಂಬ ಜೋಡಿ ತುದಿಗಳನ್ನು ಹಿಡಿದು ತಂದು ಲೈಗೇಸ್ 4 ಬೆಸೆಯುತ್ತದೆ. ಬೆಸೆಯುವಾಗ ಒಂದೆರಡು ಅಕ್ಷರ ಹೋದರೂ ಹೋಯಿತು. ಎರಡನೆಯದು ನಿಧಾನದ್ದು, ಚೊಕ್ಕವಾದದ್ದು. ಅದು ತಿಳಿಯಲು ಮಸ್ಕಿಯ ಅಶೋಕನ ಶಾಸನದ ಹತ್ತಿರ ಹೋಗುವುದು ಮೇಲು. 1915ರಲ್ಲಿ ನಿಜಾಮ್ ಸಂಸ್ಥಾನದಲ್ಲಿ ಚಿನ್ನದ ನೆಲೆ ಹುಡುಕುತ್ತಿದ್ದ ಸಿ. ಬೀಡನ್ ಎಂಬ ಗಣಿ ಎಂಜಿನಿಯರ್ ಅದನ್ನು ಕಂಡರು. ಹೊಸಕೋಟೆ ಕೃಷ್ಣಶಾಸ್ತ್ರಿಗಳು ಅದೇ ವರ್ಷ ಓದಿ ಪ್ರಕಟಿಸಿದರು. ಬಂಡೆಯ ಮೇಲಿನ ಸಾಲುಗಳಲ್ಲಿ ಅಲ್ಲಲ್ಲಿ ಅಕ್ಷರ ಸವೆದು ಹೋಗಿವೆ. ಆದರೆ ಅದೇ ಆಜ್ಞೆಯ ಪ್ರತಿಗಳು ರೂಪನಾಥದಲ್ಲಿ, ಸಹಸ್ರಾಮದಲ್ಲಿ, ನಮ್ಮ ಬ್ರಹ್ಮಗಿರಿಯಲ್ಲಿ ಮೊದಲೇ ಸಿಕ್ಕಿದ್ದವು. ಆ ಪಾಠಗಳನ್ನು ಪಕ್ಕದಲ್ಲಿಟ್ಟುಕೊಂಡು ಅಳಿದ ಜಾಗ ತುಂಬಬಹುದಿತ್ತು. ಪ್ರತಿಗಳಲ್ಲಿ ಇಲ್ಲದ್ದು ಮಸ್ಕಿಯಲ್ಲಿತ್ತು, ಅಶೋಕ ಎಂಬ ಹೆಸರು. ದೇವಾನಾಂಪ್ರಿಯ ಎಂದಷ್ಟೇ ಹೇಳಿಕೊಂಡ ರಾಜ ಯಾರು ಎಂಬುದು ಈ ಬಂಡೆಯಿಂದ ಗಟ್ಟಿಯಾಯಿತು.

ಕೋಶ ಮಾಡುವುದೂ ಪ್ರತಿ ನೋಡುವ ಕೆಲಸವೇ. ವಿಭಜನೆಗೆ ಮುನ್ನ ವರ್ಣತಂತು ತನ್ನದೇ ಇನ್ನೊಂದು ಪ್ರತಿ ಮಾಡಿಕೊಂಡಿರುತ್ತದೆ. ಆ ಹೊತ್ತಿನಲ್ಲಿ ತುಂಡಾದರೆ, ಬಿಆರ್‌ಸಿಎ2 ಎಂಬ ದೊಡ್ಡ ಪ್ರೋಟೀನ್ ಮುರಿದ ತುದಿಯ ಮೇಲೆ ರಾಡ್51 ಪ್ರೋಟೀನುಗಳನ್ನು ಸಾಲಾಗಿ ಕೂರಿಸುತ್ತದೆ. ರಾಡ್51 ಹೊದ್ದ ಆ ತುದಿ ಪಕ್ಕದ ಪ್ರತಿಯೊಳಗೆ ನುಗ್ಗಿ ತನ್ನದೇ ಪಾಠ ಇರುವ ಜಾಗ ಹುಡುಕುತ್ತದೆ. ಸಿಕ್ಕ ಮೇಲೆ ಅದನ್ನು ನೋಡಿ ಅಳಿದದ್ದನ್ನು ಬರೆದುಕೊಳ್ಳುತ್ತದೆ. ಪ್ರತಿ ಇಲ್ಲದ ಹೊತ್ತಿನಲ್ಲಿ ಈ ದಾರಿಯೇ ಇಲ್ಲ, ಆಗ ಕೂ ಜೋಡಿಯ ಅವಸರದ ಬೆಸುಗೆಯೇ ಗತಿ. ಬಿಆರ್‌ಸಿಎ ವಂಶವಾಹಿ ಕೆಟ್ಟ ಮನೆತನಗಳಲ್ಲಿ ಸ್ತನ, ಅಂಡಾಶಯದ ಕ್ಯಾನ್ಸರ್ ಹೆಚ್ಚು ಬರುವುದು ಈ ಚೊಕ್ಕ ದಾರಿ ಮುಚ್ಚಿಹೋದದ್ದರಿಂದ.

ಈ ದಾರಿಗಳ ಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದಶಕಗಳಿಂದ ಕೆಲಸ ನಡೆದಿದೆ. ಕೆ. ಮುನಿಯಪ್ಪ ಬ್ಯಾಕ್ಟೀರಿಯಾದ ರೆಕ್‌ಎ, ಅಂದರೆ ರಾಡ್51ರ ಹಿರಿಯ ಬಂಧುವನ್ನು, ಹಿಡಿದು ಪ್ರತಿ ಹುಡುಕುವ ರೀತಿಯನ್ನು ಬಿಡಿಸಿದವರು. ಗಣೇಶ್ ನಾಗರಾಜು ಅವರ ಪ್ರಯೋಗಾಲಯ ರಾಡ್51ರ ಒಡಹುಟ್ಟಿದ ಪ್ರೋಟೀನುಗಳನ್ನು ಸ್ತನಿಗಳ ಕೋಶದಲ್ಲಿ ನೋಡಿತು. ಸತೀಶ್ ರಾಘವನ್ ಅವರ ತಂಡ 2012ರಲ್ಲಿ ಲೈಗೇಸ್ 4 ಅನ್ನು ತಡೆಯುವ ಎಸ್‌ಸಿಆರ್7 ಎಂಬ ಅಣುವನ್ನು ಪ್ರಕಟಿಸಿತು. ದುರಸ್ತಿ ನಿಲ್ಲಿಸಿ ಕ್ಯಾನ್ಸರ್ ಕೋಶವನ್ನು ಸಾಯಿಸುವ ಆಲೋಚನೆ ಅದು. ಆ ಅಣುವಿನ ರಚನೆ, ಅದರ ಗುರಿ ಎಷ್ಟು ನಿಖರ ಎಂಬುದರ ಬಗ್ಗೆ ಹೊರದೇಶದ ಪ್ರಯೋಗಾಲಯದವರು 2016ರಲ್ಲಿ ತಕರಾರು ಎತ್ತಿದರು. ವಿಜ್ಞಾನದಲ್ಲಿ ಇದು ಆಗಬೇಕಾದ್ದೇ.

ಇದೇ ಆಲೋಚನೆಯ ಮೇಲೆ ಆಸ್ಪತ್ರೆಗೆ ಬಂದ ಔಷಧ ಒಲಪರಿಬ್. ನಾವು ನೆನಪಿಟ್ಟುಕೊಂಡ ಪಾರ್ಪ್ ಪ್ರೋಟೀನನ್ನು ಅದು ತಡೆಯುತ್ತದೆ. ಬಿಆರ್‌ಸಿಎ ಕೆಟ್ಟ ಗಡ್ಡೆಗೆ ಚೊಕ್ಕ ದಾರಿ ಮೊದಲೇ ಇಲ್ಲ, ಪಾರ್ಪ್ ದಾರಿಯನ್ನೂ ಮುಚ್ಚಿದರೆ ಆ ಕೋಶ ಸಾಯುತ್ತದೆ, ಪಕ್ಕದ ಒಳ್ಳೆಯ ಕೋಶ ಉಳಿಯುತ್ತದೆ. 2014ರಲ್ಲಿ ಅಂಡಾಶಯದ ಕ್ಯಾನ್ಸರ್‌ಗೆ ಒಪ್ಪಿಗೆ ಸಿಕ್ಕಿತು. ಆರ್ಸೆನಿಕ್‌ಗೂ ಆಸ್ಪತ್ರೆಯಲ್ಲಿ ಒಂದು ಜಾಗವಿದೆ. ಒಂದು ಬಗೆಯ ತೀವ್ರ ರಕ್ತಕ್ಯಾನ್ಸರ್‌ನಲ್ಲಿ ಪಿಎಂಎಲ್ ಎಂಬ ಪ್ರೋಟೀನಿನ ತುಂಡು ರೋಗಕ್ಕೆ ಮೂಲ. ಆರ್ಸೆನಿಕ್ ಟ್ರೈಆಕ್ಸೈಡ್ ಅದೇ ಪ್ರೋಟೀನಿನ ಸಿಸ್ಟೀನ್‌ಗಳನ್ನು ಹಿಡಿದು ಅದನ್ನು ನಾಶಮಾಡಿಸುತ್ತದೆ. ವೆಲ್ಲೂರಿನ ಸಿಎಂಸಿ ಆಸ್ಪತ್ರೆಯ ವೈದ್ಯರು ಇದೊಂದೇ ಔಷಧ ಕೊಟ್ಟು ಬಹಳ ರೋಗಿಗಳನ್ನು ಉಳಿಸಿದ್ದನ್ನು 2006ರಲ್ಲಿ ಪ್ರಕಟಿಸಿದರು. ಹಿಡಿಯುವುದು ಅದೇ ಗಂಧಕವನ್ನು. ಯಾವ ಪ್ರೋಟೀನಿನ ಗಂಧಕ, ಎಷ್ಟು ದಿನ, ಯಾರ ಉಸ್ತುವಾರಿಯಲ್ಲಿ ಎಂಬುದರ ಮೇಲೆ ಮದ್ದು, ವಿಷ.

ಮತ್ತೆ ನೀರಿಗೆ ಬರೋಣ. “ನಮ್ಮಪ್ಪ, ನಮ್ಮಜ್ಜ ಇದೇ ಊರಿನ ನೀರು ಕುಡದು ಬೆಳದಾರ, ಏನಾಗೇತಿ?” ಎಂಬ ಮಾತು ಈ ಕಡೆ ಕೇಳುತ್ತದೆ. ಅಜ್ಜ ಕುಡಿದದ್ದು ಹಳ್ಳದ, ಸೇದುವ ಬಾವಿಯ ನೀರು. ನೂರಾರು ಅಡಿ ಬಂಡೆ ಕೊರೆದ ಬೋರಿನದ್ದಲ್ಲ. ಹಾಗೆ ನೋಡಿದರೆ ಸಿಂಧನೂರಿನ ಆರ್.ಎಚ್. (ಪುನರ್ವಸತಿ) ಕ್ಯಾಂಪುಗಳ ಬಂಗಾಳಿ ಕುಟುಂಬಗಳಿಗೆ ಈ ಕಥೆ ಬೇರೆ ಊರಿನದಲ್ಲ. ಅವರ ಹಿರಿಯರು ಬಿಟ್ಟುಬಂದ ಪೂರ್ವ ಬಂಗಾಳದಲ್ಲಿ ಕೆರೆ ನೀರಿನ ಕಾಲರಾ ತಪ್ಪಿಸಲೆಂದು ಲಕ್ಷಾಂತರ ಕೊಳವೆಬಾವಿ ಹಾಕಿದರು. ಆ ನೀರಿನಲ್ಲಿದ್ದ ಆರ್ಸೆನಿಕ್ ಗೊತ್ತಾಗುವ ಹೊತ್ತಿಗೆ ಕೋಟ್ಯಂತರ ಜನ ಅದನ್ನು ಕುಡಿದಾಗಿತ್ತು. ಒಂದೇ ಮನೆಯಲ್ಲಿ ಒಬ್ಬರಿಗೆ ಗಂಟು ಬಂದು ಇನ್ನೊಬ್ಬರಿಗೆ ಬಾರದಿರುವುದೂ ಉಂಟು. ಆರ್ಸೆನಿಕ್ ಅನ್ನು ಯಕೃತ್ತು ಮಾರ್ಪಡಿಸಿ ಮೂತ್ರದಲ್ಲಿ ಹೊರಹಾಕುವ ಶಕ್ತಿ ಎಲ್ಲರಿಗೂ ಒಂದೇ ಅಲ್ಲ, ಉಂಡು ಉಟ್ಟವರಿಗಿಂತ ಅರೆಹೊಟ್ಟೆಯವರಿಗೆ ಅದು ಕಡಿಮೆ.

ಚಿಲಿ ದೇಶದ ಅಂತೋಫಗಾಸ್ತಾ ನಗರಕ್ಕೆ 1958ರಲ್ಲಿ ಬೆಟ್ಟದ ಹೊಳೆಯೊಂದರ ನೀರು ತಂದರು. ಅದರಲ್ಲಿ ಲೀಟರಿಗೆ 800 ಮೈಕ್ರೋಗ್ರಾಮಿಗೂ ಹೆಚ್ಚು ಆರ್ಸೆನಿಕ್. 1970ರಲ್ಲಿ ಶುದ್ಧೀಕರಣ ಘಟಕ ಹಾಕಿದರು, ನೀರು ಸರಿಯಾಯಿತು. ಕುಡಿಯುವುದು ನಿಂತ ಮೇಲೆ ದೇಹದಲ್ಲಿದ್ದ ಆರ್ಸೆನಿಕ್‌ನ ಬಹುಪಾಲು ಕೆಲವೇ ದಿನಗಳಲ್ಲಿ ಹೊರಹೋಗುತ್ತದೆ, ಸತು ತನ್ನ ಜಾಗಕ್ಕೆ ಮರಳಬಹುದು. ಆದರೆ ದುರಸ್ತಿ ನಿಂತಿದ್ದ ಆ ವರ್ಷಗಳಲ್ಲಿ ತಪ್ಪಾಗಿ ಬರೆದುಹೋದ ಅಕ್ಷರಗಳು ಹಾಗೇ ಉಳಿದಿರುತ್ತವೆ, ಎದುರಿನ ಎಳೆಯೂ ತಪ್ಪಿಗೆ ಹೊಂದಿಕೊಂಡ ಮೇಲೆ ಯಾವ ಪ್ರೋಟೀನಿಗೂ ಅದು ತಪ್ಪು ಎಂದು ತಿಳಿಯುವುದಿಲ್ಲ. ಆ ಊರಿನಲ್ಲಿ ಶ್ವಾಸಕೋಶ, ಮೂತ್ರಕೋಶದ ಕ್ಯಾನ್ಸರ್ ನಲವತ್ತು ವರ್ಷ ಕಳೆದರೂ ಹೆಚ್ಚಾಗಿಯೇ ಇತ್ತು. ಲಿಂಗಸುಗೂರು, ಮಸ್ಕಿ, ಸುರಪುರದ ಕಡೆ ಫಿಲ್ಟರ್ ನೀರು ಬರುವ ಮೊದಲು ಬೋರಿನ ನೀರು ಕುಡಿದ ಮಕ್ಕಳು ಈಗ ದುಡಿಯುವ ವಯಸ್ಸಿನವರು. ಅವರಲ್ಲಿ ಒಬ್ಬರು ಅಂಗಾಲಿನ ಗಂಟು ತೋರಿಸಲೋ, ಮೂತ್ರದಲ್ಲಿ ರಕ್ತ ಹೋಗುತ್ತಿದೆ ಎಂದೋ ತಾಲ್ಲೂಕು ಆಸ್ಪತ್ರೆಗೆ ಬಂದರೆ, ಬೀಡಿ ಸೇದುತ್ತೀರಾ ಎಂದು ಕೇಳುವ ವೈದ್ಯರು ಚಿಕ್ಕವರಿದ್ದಾಗ ಯಾವ ಬೋರಿನ ನೀರು ಕುಡಿದಿರಿ ಎಂದೂ ಕೇಳಬೇಕು, ಉತ್ತರವನ್ನು ಚೀಟಿಯಲ್ಲಿ ಬರೆಯಬೇಕು.